ದಾಟುವ ಹೊಳೆ, ನಿಂತ ನೀರು

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಎಂಬ ನಾಲ್ಕು ಹಳೆಯ ತಾಲ್ಲೂಕುಗಳು ಕನ್ನಡಿಗರ ಮನಸ್ಸಿನಲ್ಲಿ ಬರಗಾಲದ ಸೀಮೆಯಾಗಿಯೇ ಉಳಿದುಕೊಂಡಿವೆ. ಎರೆ ಹೊಲ, ಹಿಂಗಾರಿ ಬಿಳಿಜೋಳ, ಗುಳೆ ಹೋಗುವ ಜನ ಎಂಬ ಮೂರು ಮಾತುಗಳಲ್ಲಿ ಅವುಗಳ ವರ್ಣನೆ ಮುಗಿದುಹೋಗುವುದೇ ಹೆಚ್ಚು. ಆದರೆ ವಿಜಯಪುರ ಜಿಲ್ಲೆಯ ನಕಾಶೆಯನ್ನು ಹರಡಿಕೊಂಡು ನೋಡಿದರೆ, ಇಂಡಿ ಮತ್ತು ಸಿಂದಗಿಯ ಉತ್ತರದ ಅಂಚನ್ನು ಭೀಮಾ ನದಿಯೂ ಬಾಗೇವಾಡಿ ಮತ್ತು ಮುದ್ದೇಬಿಹಾಳದ ದಕ್ಷಿಣದ ಅಂಚನ್ನು ಕೃಷ್ಣಾ ನದಿಯೂ ಹಿಡಿದುಕೊಂಡಿರುವುದು, ಇವೆರಡರ ನಡುವೆ ಡೋಣಿ ಎಂಬ ಮೂರನೆಯ ನದಿ ಜಿಲ್ಲೆಯ ಒಡಲಿನಲ್ಲಿಯೇ ಸುತ್ತಿ ಬಳಸಿ ಹರಿದಿರುವುದು ಕಾಣುತ್ತದೆ. ಕಡಲಿಗೂ ಈ ನೆಲಕ್ಕೂ ಸಂಬಂಧವಿಲ್ಲ. ಆದರೂ ಕರಾವಳಿಯ ಸಣ್ಣ ಪಟ್ಟಣವೊಂದರ ಇತಿಹಾಸದಲ್ಲಿ ಕಾಣುವ ಬಂದರು, ದೋಣಿ, ಸುಂಕ, ಮೀನು, ದಂಡೆಯ ಜನ, ದಂಡೆ ಕೊಚ್ಚಿಹೋದ ನೋವು ಇವೆಲ್ಲವೂ ಬೇರೆ ಬೇರೆ ರೂಪಗಳಲ್ಲಿ ಇಲ್ಲಿಯ ಕೊಲ್ಹಾರ, ಆಲಮಟ್ಟಿ, ತಂಗಡಗಿ, ಧೂಳಖೇಡ, ದೇವಣಗಾಂವಗಳಂಥ ಊರುಗಳ ಚರಿತ್ರೆಯಲ್ಲಿವೆ.

ಈ ಊರುಗಳು ನೀರಿದ್ದುದರಿಂದ ಹುಟ್ಟಿದವು ಎಂದು ಸರಳವಾಗಿ ಹೇಳುವುದು ವಾಡಿಕೆಯಾದರೂ, ನೀರನ್ನು ದಾಟಬೇಕಾಗಿದ್ದುದರಿಂದ ಬೆಳೆದವು ಎಂಬುದು ಸತ್ಯಕ್ಕೆ ಹತ್ತಿರದ ಮಾತು. ನೀರಾವರಿ ಕಾಲುವೆಗಳು ಬರುವ ಮುನ್ನ ಕೃಷ್ಣೆಯ ನೀರು ದಂಡೆಯಿಂದ ಒಂದೆರಡು ಹರದಾರಿ ದೂರದ ಹೊಲಕ್ಕೂ ಏರುತ್ತಿರಲಿಲ್ಲ. ಹೊಳೆ ತಗ್ಗಿನಲ್ಲಿ, ಹೊಲ ಎತ್ತರದಲ್ಲಿ. ಆದ್ದರಿಂದ ಹೊಳೆಸಾಲಿನ ಊರು, ಎಂದರೆ ನದಿಯ ಅಂಚಿನುದ್ದಕ್ಕೂ ಹಬ್ಬಿದ ಊರು, ಬೇಸಾಯದ ಮಟ್ಟಿಗೆ ಒಳನಾಡಿನ ಊರಿಗಿಂತ ಬಹಳ ಶ್ರೀಮಂತವಾಗೇನೂ ಇರಲಿಲ್ಲ. ಅದಕ್ಕೆ ಮಹತ್ವ ಬಂದದ್ದು ಕಡವಿನಿಂದ. ಕಡವು ಎಂದರೆ ಬೇಸಿಗೆಯಲ್ಲಿ ಕಾಲ್ನಡಿಗೆಯಿಂದಲೋ ಬಂಡಿಯಿಂದಲೋ, ಮಳೆಗಾಲದಲ್ಲಿ ಹರಿಗೋಲಿನಿಂದಲೋ ನದಿಯನ್ನು ದಾಟಬಹುದಾದ ನೆಲೆ. ದಡ ಇಳಿಜಾರಾಗಿರಬೇಕು, ತಳ ಕೆಸರಾಗಿರದೆ ಕಲ್ಲು ಅಥವಾ ಮರಳಿನದಾಗಿರಬೇಕು, ಹರಿವು ಒಂದೇ ಬದಿಗೆ ನೂಕದೆ ಹರಡಿಕೊಂಡಿರಬೇಕು. ಇಂಥ ನೆಲೆಗಳು ನದಿಯುದ್ದಕ್ಕೂ ಸಿಗುವುದಿಲ್ಲ, ಸಿಕ್ಕಲ್ಲಿ ದಾರಿಗಳು ಬಂದು ಕೂಡುತ್ತವೆ, ದಾರಿಗಳು ಕೂಡಿದಲ್ಲಿ ಸಂತೆ ನೆರೆಯುತ್ತದೆ.

ಹರಿಗೋಲು ಈ ಕಡವುಗಳ ವಾಹನವಾಗಿತ್ತು. ಬಿದಿರನ್ನು ಸೀಳಿ ಹೆಣೆದ, ಅಗಲವಾದ ದುಂಡನೆಯ ಬುಟ್ಟಿಯ ಹೊರಮೈಗೆ ಎತ್ತು ಇಲ್ಲವೇ ಎಮ್ಮೆಯ ತೊಗಲನ್ನು ಬಿಗಿದು ಹೊಲಿದರೆ ಹರಿಗೋಲು ಸಿದ್ಧವಾಗುತ್ತಿತ್ತು. ಮುಂದೆ ತೊಗಲಿನ ಬದಲು ರಸಗೊಬ್ಬರದ ಚೀಲಗಳನ್ನು ಕೂಡಿಸಿ ಹೊಲಿದು ಡಾಂಬರು ಬಳಿಯುವ ರೂಢಿ ಬಂತು. ಅದಕ್ಕೆ ಮೂತಿಯೂ ಇಲ್ಲ, ಹಿಂಬದಿಯೂ ಇಲ್ಲವಾದುದರಿಂದ ಹುಟ್ಟು ಹಾಕಲು ಬಾರದವನ ಕೈಯಲ್ಲಿ ಅದು ಇದ್ದಲ್ಲಿಯೇ ಗಿರಗಿರನೆ ತಿರುಗುತ್ತದೆ. ಬಲ್ಲ ಅಂಬಿಗನಾದರೋ ತಲುಪಬೇಕಾದ ದಡಕ್ಕಿಂತ ಬಹಳ ಮೇಲುಗಡೆಯಿಂದ ಹೊರಟು, ಸೆಳವಿಗೆ ಎದುರಾಗದೆ ಸೆಳವನ್ನೇ ಬಳಸಿಕೊಂಡು, ಓರೆಯಾಗಿ ಜಾರುತ್ತ ಎದುರು ದಂಡೆಯ ಗುರುತಿನ ಜಾಗಕ್ಕೆ ಬಂದು ಮುಟ್ಟುತ್ತಾನೆ. ಅಂಬಿಗ, ಕಬ್ಬಲಿಗ, ಕೋಳಿ ಮೊದಲಾದ ಹೆಸರುಗಳಿಂದ ಗುರುತಿಸಲಾಗುವ ಸಮುದಾಯಗಳು ಈ ವಿದ್ಯೆಯನ್ನು ವಂಶಪಾರಂಪರ್ಯವಾಗಿ ಉಳಿಸಿಕೊಂಡು ಬಂದವು. ಕೆಲವು ಹೊಳೆಸಾಲಿನ ಊರುಗಳಲ್ಲಿ ಊರವರು ಪ್ರತಿ ಸಲ ದುಡ್ಡು ಕೊಡದೆ ಸುಗ್ಗಿಯಲ್ಲಿ ಆಯವನ್ನು, ಅಂದರೆ ಕಣದಲ್ಲಿಯೇ ಅಳೆದು ಕೊಡುವ ಕಾಳಿನ ಪಾಲನ್ನು, ಅಂಬಿಗನಿಗೆ ಸಲ್ಲಿಸುತ್ತಿದ್ದರು, ದುಡ್ಡು ಕೊಡುತ್ತಿದ್ದವರು ಪರವೂರಿನವರು. ಬ್ರಿಟಿಷ್ ಆಡಳಿತವು 1868ರ ಮುಂಬಯಿ ಕಡವು ಕಾಯ್ದೆಯ ಮೂಲಕ ಸಾರ್ವಜನಿಕ ಕಡವುಗಳ ಸುಂಕವನ್ನು ಹರಾಜಿಗೆ ಹಾಕುವ ಏರ್ಪಾಡು ಮಾಡಿದ ಮೇಲೆ, ನೀರಿನ ಮೇಲಿನ ಹಕ್ಕು ಗುತ್ತಿಗೆದಾರನದಾಯಿತು, ದುಡಿಮೆ ಮಾತ್ರ ಅಂಬಿಗನ ಪಾಲಿಗೆ ಉಳಿಯಿತು.

ಈ ದಾಟುವಿಕೆಯ ಚರಿತ್ರೆ ಕಾನೂನುಗಳಿಗಿಂತ ಬಹಳ ಹಳೆಯದು. ಹನ್ನೆರಡನೆಯ ಶತಮಾನದಲ್ಲಿ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಮನೆಯನ್ನು ತೊರೆದು ವಿದ್ಯಾಭ್ಯಾಸಕ್ಕಾಗಿ ಕೂಡಲಸಂಗಮಕ್ಕೆ ಹೋದರೆಂಬುದು ಎಲ್ಲರೂ ಬಲ್ಲ ಸಂಗತಿ. ಬಾಗೇವಾಡಿ ಕೃಷ್ಣೆಯ ಉತ್ತರಕ್ಕಿದೆ, ಮಲಪ್ರಭೆಯು ಕೃಷ್ಣೆಯನ್ನು ಸೇರುವ ಸಂಗಮ ಕ್ಷೇತ್ರವು ದಕ್ಷಿಣ ದಂಡೆಯಲ್ಲಿ, ಇಂದಿನ ಬಾಗಲಕೋಟೆ ಜಿಲ್ಲೆಯಲ್ಲಿದೆ. ಆದ್ದರಿಂದ ಆ ನಿರ್ಗಮನದ ಕಥೆಯಲ್ಲಿ ನದಿಯನ್ನು ದಾಟಿದ ಒಂದು ಗಳಿಗೆ ಇರಲೇಬೇಕು, ಕಥನಕಾರರು ಅದನ್ನು ಹೆಚ್ಚು ಗಮನಿಸದಿದ್ದರೂ. ಕಲ್ಯಾಣದ ಕ್ರಾಂತಿಯ ಅನಂತರ ಸಂಗಮದ ಕಡೆಗೆ ಹೊರಟ ಬಸವಣ್ಣನವರ ಪತ್ನಿ ನೀಲಾಂಬಿಕೆಯು ಹೊಳೆಯ ಈಚೆಯ ದಂಡೆಯಲ್ಲಿಯೇ, ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ ಐಕ್ಯಳಾದಳೆಂದು ಶರಣ ಪರಂಪರೆ ನಂಬುತ್ತದೆ, ಅಲ್ಲಿ ಆಕೆಯ ಐಕ್ಯಸ್ಥಳವೂ ಇದೆ. ಒಬ್ಬರು ದಾಟಿದರು, ಇನ್ನೊಬ್ಬರು ದಾಟದೆ ನಿಂತರು ಎಂಬ ಈ ವ್ಯತ್ಯಾಸಕ್ಕೆ ಭಕ್ತರು ತಾತ್ವಿಕ ಅರ್ಥಗಳನ್ನು ಹೇಳುತ್ತಾರೆ. ಶರಣರ ಸಾಲಿನಲ್ಲಿ ಅಂಬಿಗರ ಚೌಡಯ್ಯನಂಥ ವಚನಕಾರನು ತನ್ನ ಕಸುಬಿನ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡದ್ದು ಕೂಡ, ಕಡವು ಆ ಕಾಲದ ಜನಜೀವನದಲ್ಲಿ ಎಷ್ಟು ನಿತ್ಯದ ಸಂಗತಿಯಾಗಿತ್ತೆಂಬುದನ್ನು ತಿಳಿಸುತ್ತದೆ.

ಇದೇ ತಂಗಡಗಿಯ ಹೆಸರು ನಾಲ್ಕು ಶತಮಾನಗಳ ಬಳಿಕ ಮತ್ತೊಂದು ಕಾರಣಕ್ಕೆ ಇತಿಹಾಸದಲ್ಲಿ ಸೇರಿತು. 1565ರ ಜನವರಿ 23ರಂದು ವಿಜಯನಗರದ ಅಳಿಯ ರಾಮರಾಯನಿಗೂ ದಖ್ಖನ್ನಿನ ಸುಲ್ತಾನರ ಒಕ್ಕೂಟಕ್ಕೂ ನಡೆದ ಯುದ್ಧವನ್ನು ಪಠ್ಯಪುಸ್ತಕಗಳು ತಾಳಿಕೋಟೆ ಕದನವೆಂದು ಕರೆದರೂ, ತಾಳಿಕೋಟೆಯಲ್ಲಿ ಯುದ್ಧ ನಡೆಯಲಿಲ್ಲ. ಡೋಣಿ ನದಿಯ ಬದಿಯ ಆ ಪಟ್ಟಣವು ವಿಜಯಪುರ, ಅಹಮದನಗರ, ಗೋಲ್ಕೊಂಡ ಮತ್ತು ಬೀದರಿನ ಸೇನೆಗಳು ಬಂದು ಬೀಡುಬಿಟ್ಟ ತಾಣ ಮಾತ್ರ. ಕರ್ನಾಟಕದ ಇತಿಹಾಸಕಾರರು ಬಳಸುವ ರಕ್ಕಸಗಿ-ತಂಗಡಗಿ ಯುದ್ಧವೆಂಬ ಹೆಸರು ಕೃಷ್ಣೆಯ ಆಸುಪಾಸಿನ ಎರಡು ಊರುಗಳಿಂದ ಬಂದದ್ದು, ರಣಭೂಮಿಯ ಖಚಿತ ಸ್ಥಳದ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಆದರೆ ದಂಡೆಯ ಊರುಗಳ ದೃಷ್ಟಿಯಿಂದ ನೋಡಿದಾಗ ಯುದ್ಧಕ್ಕಿಂತ ಅದರ ಹಿಂದಿನ ಕೆಲವು ದಿನಗಳೇ ಹೆಚ್ಚು ಸ್ವಾರಸ್ಯಕರವಾಗಿವೆ. ಜನವರಿಯಲ್ಲಿ ಕೃಷ್ಣೆ ಇಳಿದಿರುತ್ತದೆ, ಆದರೂ ಆನೆ, ಕುದುರೆ, ಫಿರಂಗಿಗಳ ಸೈನ್ಯವೊಂದು ಮನಬಂದಲ್ಲಿ ದಾಟಲು ಬರುವುದಿಲ್ಲ. ಯೋಗ್ಯವಾದ ಕಡವನ್ನು ವಿಜಯನಗರದ ಪಡೆಗಳು ಕಾಯುತ್ತಿದ್ದವು. ಒಂದು ತಲೆಮಾರಿನ ನಂತರ ವಿಜಯಪುರದ ಆಸ್ಥಾನದಲ್ಲಿದ್ದುಕೊಂಡು ಬರೆದ ಫೆರಿಷ್ತಾನ ಕಥನದ ಪ್ರಕಾರ, ಸುಲ್ತಾನರು ನದಿಯುದ್ದಕ್ಕೂ ಬೇರೆ ಕಡವನ್ನು ಹುಡುಕುತ್ತಿರುವಂತೆ ನಟಿಸುತ್ತ ಮುಂದೆ ಸಾಗಿದರು, ಎದುರು ದಂಡೆಯ ಪಡೆಯೂ ಅವರೊಂದಿಗೆ ಸಾಗಿತು, ಆಗ ಒಮ್ಮೆಲೆ ಹಿಂದಿರುಗಿದ ಸುಲ್ತಾನರ ಮುಂಪಡೆ ಕಾವಲಿಲ್ಲದ ಮೊದಲಿನ ಕಡವಿನಲ್ಲಿಯೇ ನದಿಯನ್ನು ದಾಟಿಬಿಟ್ಟಿತು. ವಿಜಯನಗರದ ಕುರಿತು 1900ರಲ್ಲಿ ಗ್ರಂಥ ಪ್ರಕಟಿಸಿದ ರಾಬರ್ಟ್ ಸಿವೆಲ್ ಈ ಕಡವನ್ನು ಇಂಗಳಗಿಯ ಬಳಿ ಗುರುತಿಸಿದ್ದಾನೆ. ಸಾಮ್ರಾಜ್ಯವೊಂದರ ಪತನಕ್ಕೆ ಕಾರಣಗಳು ಅನೇಕ. ಅವುಗಳ ಪಟ್ಟಿಯಲ್ಲಿ ಕಾಯದೆ ಬಿಟ್ಟ ಒಂದು ಕಡವಿಗೂ ಸ್ಥಾನವಿದೆ ಎಂಬುದನ್ನು ರಾಜಕೀಯ ಇತಿಹಾಸಗಳು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ.

ಕಡವಿನ ಆಳ್ವಿಕೆಗೆ ಮೊದಲ ಪೆಟ್ಟು ಬಿದ್ದದ್ದು ರೈಲಿನಿಂದ, ರೈಲು ಬಂದದ್ದು ಬರಗಾಲದಿಂದ. 1876ರಿಂದ 1878ರವರೆಗಿನ ಭೀಕರ ಕ್ಷಾಮದಲ್ಲಿ, ಅಂದು ಕಲಾದಗಿ ಜಿಲ್ಲೆಯೆಂದು ಕರೆಯಲಾಗುತ್ತಿದ್ದ ಈ ಪ್ರದೇಶ ಮುಂಬಯಿ ಪ್ರಾಂತದಲ್ಲಿಯೇ ಅತ್ಯಂತ ಹೆಚ್ಚು ನೊಂದ ಭಾಗಗಳಲ್ಲಿ ಒಂದಾಗಿತ್ತು. 1872ರ ಜನಗಣತಿಯಲ್ಲಿ 8 ಲಕ್ಷ 16 ಸಾವಿರದಷ್ಟಿದ್ದ ಜಿಲ್ಲೆಯ ಜನಸಂಖ್ಯೆ 1881ರಲ್ಲಿ 6 ಲಕ್ಷ 38 ಸಾವಿರಕ್ಕೆ ಕುಸಿದಿತ್ತು. ಹೊರಗಿನಿಂದ ಕಾಳು ತರಿಸಿದರೂ ಅದನ್ನು ಒಳನಾಡಿಗೆ ಸಾಗಿಸುವ ದಾರಿಯಿಲ್ಲವೆಂಬುದು ಮನವರಿಕೆಯಾದ ಮೇಲೆ, ಕ್ಷಾಮ ನಿವಾರಣೆಯ ಉದ್ದೇಶವನ್ನೂ ಹೊತ್ತು ದಕ್ಷಿಣ ಮರಾಠಾ ರೈಲ್ವೆಯ ಮೀಟರ್‌ಗೇಜ್ ಮಾರ್ಗ ಸೊಲ್ಲಾಪುರದ ಬಳಿಯ ಹೊಟಗಿಯಿಂದ ಗದಗದವರೆಗೆ 1884ರಲ್ಲಿ ಸಿದ್ಧವಾಯಿತು. ಭೀಮೆ, ಕೃಷ್ಣೆ ಎರಡನ್ನೂ ದಾಟುವ ಈ ಮಾರ್ಗವು ಕೃಷ್ಣೆಯನ್ನು ಆಲಮಟ್ಟಿ ಮತ್ತು ಸೀತಿಮನಿಗಳ ನಡುವೆ ದಾಟಿತು. ನೂರಾರು ಬಂಡಿಗಳಲ್ಲಿ ಕಡವಿನ ಬಳಿ ಸರದಿ ಕಾಯುತ್ತಿದ್ದ ಹತ್ತಿ ಮತ್ತು ಕುಸುಬಿ ಈಗ ಸೇತುವೆಯ ಮೇಲೆ ಹೋಗತೊಡಗಿತು, ಜಿಲ್ಲಾ ಕೇಂದ್ರವೂ ಮರುವರ್ಷವೇ ಕಲಾದಗಿಯಿಂದ ರೈಲು ದಾರಿಯ ವಿಜಯಪುರಕ್ಕೆ ಬಂತು. ಆ ಎರಡು ಕೇಂದ್ರಗಳ ನಡುವಿನ ದಾರಿಯಲ್ಲಿದ್ದ ಕೊಲ್ಹಾರದ ಕಡವಿಗೆ ಇದರಿಂದ ನಷ್ಟವಾಯಿತು, ಹೆಸರೇ ಕೇಳದಿದ್ದ ಆಲಮಟ್ಟಿಗೆ ಲಾಭವಾಯಿತು.

ರೈಲು ನಿಲ್ದಾಣವಿದ್ದ ಈ ಸಣ್ಣ ಊರನ್ನು ಹರ್ಡೇಕರ ಮಂಜಪ್ಪನವರು ಆಯ್ದುಕೊಂಡರು. 1886ರಲ್ಲಿ ಬನವಾಸಿಯಲ್ಲಿ ಹುಟ್ಟಿ, ದಾವಣಗೆರೆಯಲ್ಲಿ ‘ಧನುರ್ಧಾರಿ’ ಪತ್ರಿಕೆಯನ್ನು ನಡೆಸಿ, ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವಾಗಿ ಆಚರಿಸುವ ಪದ್ಧತಿಗೆ ಚಾಲನೆ ಕೊಟ್ಟು, ಕರ್ನಾಟಕದ ಗಾಂಧಿ ಎಂಬ ಹೆಸರು ಪಡೆದ ಅವರು 1927ರಲ್ಲಿ ಆಲಮಟ್ಟಿಯಲ್ಲಿ ವಿದ್ಯಾಲಯವನ್ನು ಸ್ಥಾಪಿಸಿದರು. ನೂಲುವುದು, ನೇಯುವುದು, ತೋಟದ ಕೆಲಸ ಇವು ಅಲ್ಲಿ ಓದಿನಷ್ಟೇ ಮುಖ್ಯವಾಗಿದ್ದವು. ಬಸವಣ್ಣನವರ ಕಾಯಕ ತತ್ತ್ವವನ್ನೂ ಗಾಂಧೀಜಿಯವರ ಸ್ವಾವಲಂಬನೆಯನ್ನೂ ಒಂದೇ ಶಿಕ್ಷಣಕ್ರಮದಲ್ಲಿ ಹೊಂದಿಸಲು ನಡೆದ ಈ ಪ್ರಯೋಗ ದೊಡ್ಡ ಸಂಸ್ಥೆಯಾಗಿ ಬೆಳೆಯಲಿಲ್ಲವಾದರೂ, ಆಲಮಟ್ಟಿ ಎಂದೊಡನೆ ಅಣೆಕಟ್ಟನ್ನಷ್ಟೇ ನೆನೆಯುವ ಇಂದಿನವರು ಮರೆಯಬಾರದಂಥ ಅಧ್ಯಾಯ ಅದು. 1947ರ ಜನವರಿಯಲ್ಲಿ ಮಂಜಪ್ಪನವರು ತೀರಿಕೊಳ್ಳುವವರೆಗೆ, ಆಲಮಟ್ಟಿ ಎಂದರೆ ಓದಿದ ಕನ್ನಡಿಗರ ಪಾಲಿಗೆ ಅವರ ಆಶ್ರಮವೇ ಆಗಿತ್ತು.

ಉತ್ತರದ ಭೀಮಾ ದಂಡೆಯ ಕಥೆ ಬೇರೆ. ಪಂಢರಪುರದಿಂದ ಇಳಿದು ಗಾಣಗಾಪುರದ ಕಡೆಗೆ ಸಾಗುವ ಈ ನದಿಯ ಮೇಲೆ ಇಂಡಿಯ ಧೂಳಖೇಡ ಸೊಲ್ಲಾಪುರದ ದಾರಿಯನ್ನೂ ಸಿಂದಗಿಯ ದೇವಣಗಾಂವ ಅಫಜಲಪುರದ ದಾರಿಯನ್ನೂ ಕಾಯುತ್ತಿದ್ದವು. ಆಚೆಯ ದಂಡೆ ಒಂದೆಡೆ ಮರಾಠಿ ಸೀಮೆ, ಇನ್ನೊಂದೆಡೆ ನಿಜಾಮನ ಸೀಮೆಯಾಗಿದ್ದುದರಿಂದ ಇಲ್ಲಿ ಹೊಳೆ ದಾಟುವುದೆಂದರೆ ಎಷ್ಟೋ ಸಲ ರಾಜ್ಯವನ್ನೇ ದಾಟುವುದಾಗಿತ್ತು. ಪತ್ರಿಕೆಗಳ ಕೃಪೆಯಿಂದ ‘ಭೀಮಾತೀರ’ ಎಂಬ ಸುಂದರ ಶಬ್ದಕ್ಕೆ ಹಂತಕರ ಹೆಸರು ಅಂಟಿಕೊಂಡಿರುವುದು ಈ ದಂಡೆಗೆ ಆದ ದೊಡ್ಡ ಅನ್ಯಾಯ. ಇದೇ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ಗೆಳೆಯರು ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದ ತ್ರಿಪದಿಗಳನ್ನು ಕಿವಿಗೊಟ್ಟು ಕೇಳಿ ಬರೆದುಕೊಂಡು, 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಪ್ರಕಟಿಸಿದರು. ಕನ್ನಡದ ಜಾನಪದ ಸಂಗ್ರಹದ ಇತಿಹಾಸ ಬರೆಯುವವರು ಯಾರೂ ಈ ಹಳ್ಳಿಯನ್ನು ಬಿಟ್ಟು ಮುಂದೆ ಹೋಗಲಾರರು. ವಚನ ಹಾಗೂ ಶಾಸನಗಳ ಸಂಶೋಧಕ ಎಂ.ಎಂ. ಕಲಬುರ್ಗಿಯವರೂ ಸಿಂದಗಿ ತಾಲ್ಲೂಕಿನವರು.

ಡೋಣಿಯ ವಿಷಯ ಇನ್ನೂ ಚಿಕ್ಕದು. ಅದರ ನೀರು ಉಪ್ಪು, ಪಾತ್ರ ಹೂಳಿನಿಂದ ತುಂಬಿದ್ದು, ಮಳೆಗಾಲದಲ್ಲಿ ದಡ ಮೀರಿ ಹೊಲಗಳ ಮೇಲೆ ಹರಿಯುತ್ತದೆ. ಆದರೆ ಅದು ಬಿಟ್ಟುಹೋಗುವ ಮಣ್ಣಿನಲ್ಲಿ ಬೆಳೆಯುವ ಜೋಳದ ಸಮೃದ್ಧಿಯನ್ನು ಕಂಡೇ ಜನ ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂದು ಗಾದೆ ಕಟ್ಟಿದ್ದಾರೆ.

ಈ ಎಲ್ಲ ಚರಿತ್ರೆಯ ದಿಕ್ಕನ್ನು ಬದಲಿಸಿದ ದಿನ 1964ರ ಮೇ 22. ಅಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲಿಟ್ಟರು, ಕೆಲವೇ ದಿನಗಳಲ್ಲಿ ಅವರು ದೇಶದ ಪ್ರಧಾನಿಯಾದರು. ಯೋಜನೆಯ ನಡಿಗೆ ಮಾತ್ರ ನಿಧಾನವಾಗಿತ್ತು. ಕೆಳಗಿನ ನಾರಾಯಣಪುರದ ಬಸವಸಾಗರ ಮೊದಲು ಸಿದ್ಧವಾಗಿ, ಅದರ ಎಡದಂಡೆ ಕಾಲುವೆಯ ಇಂಡಿ ಶಾಖೆ ಈ ಭಾಗದ ಬಯಲಿಗೆ ಇಳಿಯಿತು. ಆಲಮಟ್ಟಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಹೊಸ ಶತಮಾನವೇ ಆರಂಭವಾಗಿತ್ತು, 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅದನ್ನು ಲೋಕಾರ್ಪಣೆ ಮಾಡಿದರು. ಸುಮಾರು ಒಂದೂವರೆ ಕಿಲೋಮೀಟರ್ ಉದ್ದದ, 26 ಗೇಟುಗಳ ಈ ಅಣೆಕಟ್ಟಿನಲ್ಲಿ ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರದವರೆಗೆ ನೀರು ನಿಲ್ಲಿಸಿದಾಗ 123 ಟಿಎಂಸಿ ನೀರು ಸಂಗ್ರಹವಾಗುತ್ತದೆ; ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಮೀಟರಿನ ಭಿನ್ನಾಂಶಗಳನ್ನೂ ಬಿಡದೆ ಈ ಎತ್ತರವನ್ನು ಎಣಿಸುವುದಕ್ಕೆ ಕಾರಣವಿದೆ. ಆಂಧ್ರಪ್ರದೇಶ ಮತ್ತು ಕರ್ನಾಟಕದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲಿ ಒಪ್ಪಿದ ಮಟ್ಟ ಅದು, ಕರ್ನಾಟಕ ಬಯಸಿದ್ದ ಮಟ್ಟ 524.256 ಮೀಟರ್. ಕಾಗದದ ಮೇಲೆ ಈ ಅಂತರ ಐದು ಮೀಟರಿಗೂ ಕಡಿಮೆ. ಆದರೆ ಬಯಲುಸೀಮೆಯಲ್ಲಿ ನೆಲದ ಇಳಿಜಾರು ಅತ್ಯಂತ ಮಂದವಾಗಿರುವುದರಿಂದ, ಅಣೆಕಟ್ಟಿನ ಬಳಿ ನೀರು ಒಂದು ಮೀಟರ್ ಏರಿದರೆ ಹಿಂದೆ ಅದು ಹರಡಿಕೊಳ್ಳುವುದು ಸಾವಿರಾರು ಎಕರೆಯ ಮೇಲೆ.

ಹೀಗೆ ಹಿಂದಕ್ಕೆ ಹರಡಿಕೊಂಡ ನೀರಿಗೆ ಹಿನ್ನೀರು ಎಂದು ಹೆಸರು, ಅದರಲ್ಲಿ ಮುಳುಗಿದ ಊರಿನ ಜನಕ್ಕೆ ಮುಳುಗಡೆ ಸಂತ್ರಸ್ತರೆಂದು ಹೆಸರು. ಈ ಎರಡು ಶಬ್ದಗಳ ಅರ್ಥವನ್ನು ಕೊಲ್ಹಾರದಷ್ಟು ಚೆನ್ನಾಗಿ ಬಲ್ಲ ಪಟ್ಟಣಗಳು ಕಡಿಮೆ. ಅಣೆಕಟ್ಟಿನಿಂದ ಮೇಲುಗಡೆ, ಕೃಷ್ಣೆಯ ಉತ್ತರ ದಂಡೆಗೆ ಅಂಟಿಕೊಂಡಿದ್ದ ಹಳೆಯ ಕೊಲ್ಹಾರ ನೀರಿನ ಪಾಲಾಗಿ, ಎತ್ತರದ ನೆಲದಲ್ಲಿ ಹೊಸ ಕೊಲ್ಹಾರ ಎದ್ದಿತು. ಹಳೆಯ ಊರಿನ ಓಣಿಗಳು ಹೊಳೆಯ ಕಡೆಗೆ ಇಳಿಯುತ್ತ ಹೋಗುವ, ಒಂದರ ಮಗ್ಗುಲಿಗೆ ಒಂದು ಒತ್ತಿಕೊಂಡ ಮಣ್ಣಿನ ಮಾಳಿಗೆ ಮನೆಗಳ ಓಣಿಗಳಾಗಿದ್ದರೆ, ಪುನರ್ವಸತಿ ಕೇಂದ್ರ ಎಂಬ ಸರ್ಕಾರಿ ಹೆಸರಿನ, ಜನರ ಬಾಯಲ್ಲಿ ಬರೀ ‘ಆರ್‌ಸಿ’ ಆಗಿರುವ ಹೊಸ ನೆಲೆಗಳು ಅಡ್ಡ ರಸ್ತೆ, ಉದ್ದ ರಸ್ತೆ, ಸಮ ಅಳತೆಯ ನಿವೇಶನಗಳ ಲೆಕ್ಕದಲ್ಲಿ ಹುಟ್ಟಿದಂಥವು. ಮನೆಗೆ, ಹೊಲಕ್ಕೆ, ಮರಕ್ಕೆ, ಬಾವಿಗೆ ಪರಿಹಾರದ ದರವಿತ್ತು. ಅದು ಸಾಕಾಯಿತೇ, ಸಕಾಲಕ್ಕೆ ಬಂತೇ ಎಂಬ ಪ್ರಶ್ನೆಗಳ ಮೇಲೆ ನ್ಯಾಯಾಲಯಗಳಲ್ಲಿ ಸಾವಿರಾರು ಪ್ರಕರಣಗಳು ನಡೆದಿವೆ. ಅಷ್ಟಾಗಿ ಚರ್ಚೆಗೆ ಬಾರದ ನಷ್ಟ ಇನ್ನೊಂದಿತ್ತು. ಬೇಸಿಗೆಯಲ್ಲಿ ಹೊಳೆ ಇಳಿದಾಗ ಬಿಚ್ಚಿಕೊಳ್ಳುತ್ತಿದ್ದ ಮರಳಿನ ಪಟ್ಟಿಯಲ್ಲಿ ಗುಣಿ ತೋಡಿ, ಗೊಬ್ಬರ ಹಾಕಿ ಕಲ್ಲಂಗಡಿ, ಸವತಿ, ಹೀರೆ ಬೆಳೆದುಕೊಳ್ಳುತ್ತಿದ್ದ ಭೂಹೀನರಿಗೆ, ಹೊಳೆಯ ಜೇಡಿಯನ್ನು ಹೊತ್ತು ತಂದು ಗಡಿಗೆ ಮಾಡುತ್ತಿದ್ದ ಕುಂಬಾರರಿಗೆ, ಮಡುಗಳ ಗುಟ್ಟು ಬಲ್ಲ ಮೀನುಗಾರರಿಗೆ ಆ ದಂಡೆಯ ಮೇಲೆ ರೂಢಿಯ ಹಕ್ಕಿತ್ತೇ ಹೊರತು ಕಾಗದದ ಹಕ್ಕಿರಲಿಲ್ಲ. ಪಹಣಿಯಲ್ಲಿ, ಎಂದರೆ ಹೊಲದ ಒಡೆತನ ಮತ್ತು ಬೆಳೆಯನ್ನು ದಾಖಲಿಸುವ ಪತ್ರದಲ್ಲಿ, ಹೆಸರಿಲ್ಲದವರ ದುಡಿಮೆಗೆ ದರ ಕಟ್ಟುವ ಬಗೆ ಭೂಸ್ವಾಧೀನದ ಅಧಿಕಾರಿಗಳಿಗೆ ಗೊತ್ತಿರಲಿಲ್ಲ, 1894ರ ಭೂಸ್ವಾಧೀನ ಕಾಯ್ದೆಯೂ ಅದನ್ನು ಕೇಳಿರಲಿಲ್ಲ.

ಇಷ್ಟಾದರೂ ಕೊಲ್ಹಾರದ ಹೆಸರನ್ನು ಹೊರಗಿನವರು ಮರೆಯದಿರುವುದಕ್ಕೆ ಕಾರಣ ಅದರ ಮೊಸರು. ಎಮ್ಮೆಯ ಹಾಲನ್ನು ಸಣ್ಣ ಉರಿಯ ಮೇಲೆ ಬಹಳ ಹೊತ್ತು ಕಾಯಿಸಿ, ನೀರಿನಂಶ ಇಂಗಿ ಹಾಲು ಗಟ್ಟಿಯಾದ ಮೇಲೆ ಇಳಿಸಿ, ಉಗುರುಬೆಚ್ಚಗಾದಾಗ ಮಣ್ಣಿನ ಸಣ್ಣ ಗಡಿಗೆಗೆ ಸುರಿದು ಹೆಪ್ಪು ಹಾಕಲಾಗುತ್ತದೆ. ಸುಟ್ಟ ಮಣ್ಣಿನ ಕಣ್ಣಿಗೆ ಕಾಣದ ರಂಧ್ರಗಳು ಉಳಿದ ನೀರನ್ನೂ ಹೀರಿ ಹೊರಮೈಗೆ ತರುತ್ತವೆ, ಅದು ಆರುವಾಗ ಗಡಿಗೆ ತಂಪಾಗಿ ಮೊಸರು ಬೇಗ ಹುಳಿಯಾಗದಂತೆ ತಡೆಯುತ್ತದೆ. ಬೆಳಗಾಗುವಷ್ಟರಲ್ಲಿ ಮೇಲೆ ಹಳದಿ ಬಣ್ಣದ ದಪ್ಪ ಕೆನೆ ಕಟ್ಟಿ, ಕೆಳಗಿನ ಮೊಸರು ಗಡಿಗೆಯನ್ನು ಓರೆ ಮಾಡಿದರೂ ಅಲುಗದಷ್ಟು ಗಟ್ಟಿಯಾಗಿರುತ್ತದೆ. ಅರಿವೆಯಲ್ಲಿ ಗಂಟು ಕಟ್ಟಿಕೊಂಡು ಹೋಗಬಹುದೆಂದು ಈ ಭಾಗದವರು ಹೆಮ್ಮೆಯಿಂದ ಹೇಳುವುದರಲ್ಲಿ ಉತ್ಪ್ರೇಕ್ಷೆ ಹೆಚ್ಚಿಲ್ಲ. ಕಟಕ್ ಜೋಳದ ರೊಟ್ಟಿಯನ್ನು ಮುರಿದು, ಶೇಂಗಾ ಹಿಂಡಿಯೊಂದಿಗೆ ಈ ಮೊಸರಿನಲ್ಲಿ ಅದ್ದಿ ತಿನ್ನುವುದು ವಿಜಯಪುರ-ಹುಬ್ಬಳ್ಳಿ ಹೆದ್ದಾರಿಯ ಪ್ರಯಾಣಿಕರಿಗೆ ರೂಢಿಯಾಗಿದೆ, ಬಸ್ಸು ನಿಂತೊಡನೆ ಕಿಟಕಿಗೆ ಗಡಿಗೆಗಳು ಬರುತ್ತವೆ. ಈ ವ್ಯಾಪಾರವೂ ಮೂಲತಃ ಕಡವಿನ ಕೊಡುಗೆಯೇ ಇರಬೇಕೆಂದು ಊಹಿಸಲು ಅವಕಾಶವಿದೆ: ಹರಿಗೋಲಿಗಾಗಿ ಕಾಯುವ ಜನರಿದ್ದಲ್ಲಿ ತಿನ್ನುವ ಪದಾರ್ಥ ಮಾರುವವರು ಹುಟ್ಟಿಕೊಳ್ಳುತ್ತಾರೆ. ಕಡವು ಹೋಗಿ, ಹಿನ್ನೀರಿನ ಮೇಲೆ ಕೊರ್ತಿ-ಕೊಲ್ಹಾರ ಸೇತುವೆ ಬಂದು, ಹೊಳೆ ದಾಟುವುದು ಕೆಲವು ನಿಮಿಷಗಳ ಕೆಲಸವಾದ ಮೇಲೂ ಗಡಿಗೆಗಳು ಉಳಿದವು, ಪ್ಲಾಸ್ಟಿಕ್ ಡಬ್ಬಿಗಳ ಪೈಪೋಟಿಯನ್ನು ಎದುರಿಸುತ್ತ.

ನಿಂತ ನೀರು ತನ್ನದೇ ಆದ ಬದುಕನ್ನೂ ತಂದಿದೆ. ಹರಿಯುವ ಹೊಳೆಯ ಮೀನುಗಳ ಜಾಗದಲ್ಲಿ ಮರಿಬಿಟ್ಟು ಬೆಳೆಸುವ ಕಾಟ್ಲಾ, ರೋಹು, ಮೃಗಾಲ ಬಂದಿವೆ. ಹರಿಗೋಲು ಜನರನ್ನು ದಾಟಿಸುವ ಕೆಲಸ ಕಳೆದುಕೊಂಡು ಬಲೆ ಬೀಸುವ ಸಾಧನವಾಗಿ ಉಳಿದಿದೆ, ಅದರ ಬಿದಿರಿನ ಜಾಗಕ್ಕೆ ಫೈಬರ್ ಬರುತ್ತಿದೆ. ಚಳಿಗಾಲದಲ್ಲಿ ನೀರು ಇಳಿಯತೊಡಗಿದಾಗ ತೆರೆದುಕೊಳ್ಳುವ ಕೆಸರಿನ ಬಯಲಿಗೆ ರಾಜಹಂಸಗಳೂ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಬಾತುಗಳೂ ಇಳಿಯುತ್ತವೆ, ಅದೇ ಬಯಲಿನಲ್ಲಿ ಹಳೆಯ ಮಾಲೀಕರು ಕಡಲೆ, ಜೋಳ ಬಿತ್ತಿಕೊಳ್ಳುತ್ತಾರೆ. ಸಂಕ್ರಾಂತಿಯ ಹೊಳೆ ಸ್ನಾನ ನಿಂತಿಲ್ಲ. ಎಳ್ಳು-ಅರಿಸಿನ ಹಚ್ಚಿಕೊಂಡು ಮುಳುಗು ಹಾಕಿ, ಸಜ್ಜೆ ರೊಟ್ಟಿ, ಭರ್ತ, ಮಾದಲಿಯ ಗಂಟು ಬಿಚ್ಚಿ ದಂಡೆಯಲ್ಲಿಯೇ ಊಟ ಮಾಡುವ ಕುಟುಂಬಗಳು ಈಗ ಬಂಡಿಯ ಬದಲು ಟ್ರ್ಯಾಕ್ಟರಿನಲ್ಲಿ ಬರುತ್ತವೆ. ಆಲಮಟ್ಟಿಯಲ್ಲಿ 290 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರ ಕೆಲಸ ಮಾಡುತ್ತಿದೆ, ಬಂಡೆಗಳ ಉದ್ಯಾನ ಮತ್ತು ಸಂಗೀತ ಕಾರಂಜಿಗಳನ್ನು ನೋಡಲು ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ. ಮುಳವಾಡ, ಚಿಮ್ಮಲಗಿ ಏತ ನೀರಾವರಿ ಯೋಜನೆಗಳು, ಅಂದರೆ ಪಂಪುಗಳಿಂದ ನೀರನ್ನು ಎತ್ತರದ ಕಾಲುವೆಗೆ ಏರಿಸುವ ಏರ್ಪಾಡುಗಳು, ಶತಮಾನಗಳ ಕಾಲ ಹೊಳೆಯ ನೀರನ್ನು ಕಾಣದ ಒಳನಾಡಿನ ಕೆರೆಗಳನ್ನು ತುಂಬಿಸುತ್ತಿವೆ. ಬರದ ಸೀಮೆಯ ಮಟ್ಟಿಗೆ ಇದು ಸಣ್ಣ ಸಾಧನೆಯಲ್ಲ, ದಂಡೆಯ ಊರು ತೆತ್ತ ಬೆಲೆಯ ಫಲವನ್ನು ಹೆಚ್ಚಾಗಿ ಉಂಡದ್ದು ದೂರದ ಊರು ಎಂಬ ಮಾತು ಸತ್ಯವಾಗಿದ್ದರೂ.

ಪ್ರವಾಹದ ಸ್ವರೂಪವೂ ಬದಲಾಗಿದೆ. ಹಿಂದೆ ಘಟ್ಟದ ಮಳೆಯ ಸುದ್ದಿ ಬಂದ ಕೆಲವು ದಿನಗಳಲ್ಲಿ ಹೊಳೆಯ ಬಣ್ಣ ಕೆಂಪಾಗುವುದನ್ನು ನೋಡಿ ಅಂಬಿಗರು ಊರಿಗೆ ಎಚ್ಚರಿಕೆ ಕೊಡುತ್ತಿದ್ದರು, ಈಗ ಎಚ್ಚರಿಕೆ ಕ್ಯೂಸೆಕ್ ಲೆಕ್ಕದಲ್ಲಿ ಬರುತ್ತದೆ. ಸೆಕೆಂಡಿಗೆ ಒಂದು ಘನ ಅಡಿ ಹರಿವು ಒಂದು ಕ್ಯೂಸೆಕ್. 2019ರ ಆಗಸ್ಟ್‌ನಲ್ಲಿ ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಟ್ಟಾಗ ಕೆಳಗಿನ ದಂಡೆಯ ಊರುಗಳ ಹೊಲಗಳು ಜಲಾವೃತವಾದವು. 2020ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಉಜನಿ ಮೊದಲಾದ ಜಲಾಶಯಗಳ ನೀರಿನಿಂದ ಭೀಮೆ ಉಕ್ಕಿ ಇಂಡಿ, ಸಿಂದಗಿ ಭಾಗದ ಹಳ್ಳಿಗಳನ್ನು ಹೊಕ್ಕಿತು.

ಇನ್ನು ಉಳಿದಿರುವುದು 524.256ರ ಪ್ರಶ್ನೆ. ಕೃಷ್ಣಾ ನೀರಿನ ಹಂಚಿಕೆಯ ವ್ಯಾಜ್ಯ ಕೇಳಿದ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿಯು 2010ರ ಡಿಸೆಂಬರ್ 30ರಂದು ಈ ಮಟ್ಟಕ್ಕೆ ಅನುಮತಿ ನೀಡಿ, ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತಕ್ಕೆ 130 ಟಿಎಂಸಿ ನೀರನ್ನು ಗೊತ್ತುಪಡಿಸಿದರೂ, ರಾಜ್ಯಗಳ ತಕರಾರು ಸುಪ್ರೀಂ ಕೋರ್ಟಿನಲ್ಲಿರುವುದರಿಂದ ತೀರ್ಪಿನ ಅಧಿಸೂಚನೆ ಹೊರಡದೆ ನಿಂತಿದೆ. ಸಾಂಗ್ಲಿ, ಕೊಲ್ಹಾಪುರಗಳ ಪ್ರವಾಹಕ್ಕೆ ಆಲಮಟ್ಟಿಯ ಹಿನ್ನೀರೇ ಕಾರಣವೆಂಬ ಮಹಾರಾಷ್ಟ್ರದ ಆಕ್ಷೇಪವೂ ಇದರೊಂದಿಗೆ ಸೇರಿಕೊಂಡಿದೆ. ಎತ್ತರ ಹೆಚ್ಚಿದರೆ ಮತ್ತೆ 20 ಗ್ರಾಮಗಳೂ ಬಾಗಲಕೋಟೆ ನಗರದ ಉಳಿದ ಕೆಲವು ವಾರ್ಡುಗಳೂ ಸುಮಾರು 75 ಸಾವಿರ ಎಕರೆ ಭೂಮಿಯೂ ನೀರಿನಲ್ಲಿ ಸೇರುತ್ತವೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟವು ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರವನ್ನು ನಿಗದಿಪಡಿಸಿತು. ಮೊದಲ ಮುಳುಗಡೆಯಲ್ಲಿ ಜಮೀನು ಬಿಟ್ಟುಕೊಟ್ಟವರು ಪಡೆದ ಹಣಕ್ಕೆ ಹೋಲಿಸಿದರೆ ಇದು ಬೇರೆಯೇ ಕಾಲದ ದರ, ಹೋರಾಟದಿಂದ ದಕ್ಕಿದ್ದು. ಆದರೆ ಈ ದರಪಟ್ಟಿಯೂ ಜಮೀನನ್ನು ನೀರಾವರಿ ಮತ್ತು ಒಣಬೇಸಾಯ ಎಂದು ಎರಡೇ ಬಗೆಯಾಗಿ ವಿಂಗಡಿಸುತ್ತದೆ. ಹಿನ್ನೀರು ಇಳಿದ ಬಯಲಿನಲ್ಲಿ ಬಿತ್ತಿಕೊಳ್ಳುವವರು, ಬಲೆ ಬೀಸುವವರು, ಹೊಸ ದಂಡೆಯ ಜೇಡಿಯನ್ನು ಹುಡುಕಿಕೊಂಡು ಹೊರಟ ಕುಂಬಾರರು ಯಾವ ಬಗೆಯಲ್ಲಿ ಸೇರುತ್ತಾರೆಂಬುದು ಅದರಿಂದ ತಿಳಿಯುವುದಿಲ್ಲ.